ಬರಿಗೈ ಉಳುಮೆ

ನಮ್ಮ ಹೊಸ ಕೋಚ್ ಟ್ರೆಂಟ್ ವಿಕರ್ಸ್ ಮಾತಾಡುವಾಗ ಪ್ರತಿ ವಾಕ್ಯದ ಬಾಲವನ್ನೂ ಮೇಲೆತ್ತುತ್ತಾನೆ. ಬಾಲ ಎತ್ತಿದ ಮೇಲೆ ಏನು ಬೀಳುತ್ತದೆ ಅಂತ ಪಶುವೈದ್ಯನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಗುರುವಾರ ರೇಡಿಯೋದಲ್ಲಿ ಅವನು ಬಿಟ್ಟದ್ದನ್ನೆಲ್ಲ ಶನಿವಾರ ಬೆಳಿಗ್ಗೆ, ಆಟಕ್ಕೆ ಮುಂಚೆ ಊರವರೆಲ್ಲ ಗಾಡಿ ನಿಲ್ಲಿಸಿ ಒಲೆ ಹಚ್ಚುವ ಕ್ರೀಡಾಂಗಣದ ಹಿಂದಿನ ಬಯಲಿನಲ್ಲಿ, ಡ್ಯುವೇನ್ ಪೆನ್ನರನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು, ನಾನು ಅವನದೇ ದನಿಯಲ್ಲಿ ಒಪ್ಪಿಸುತ್ತಿದ್ದೆ.

“ನಾವು ಜಾಗ ಹುಡುಕ್ತೀವಿ? ಅಂಗಳಾನ ಅಗಲ ಮಾಡ್ತೀವಿ? ಚೆಂಡು ಗಾಳೀಲಿ ಇದ್ದಷ್ಟು ಹೊತ್ತು ಅದು ನಮ್ಮದೇ?”

“ಗಾಳೀಲಿ ಇದ್ದಷ್ಟು ಹೊತ್ತು ಅದು ಕಾಗೇದು,” ಅಂದ ಡ್ಯುವೇನ್, ಕೆಂಡದ ಮೇಲೆ ಸಾಸೇಜು ಮಗುಚುತ್ತ. “ಫ್ಲಾರಿಡಾದಿಂದ ಗಾಳಿಪಟ ತಂದು ಕಾನ್ಸಾಸಿನ ಗಾಳಿಗೆ ಬಿಟ್ಟಿದಾರೆ. ಕೋಚಂತೆ ಕೋಚು. ಬರೀ ಕೊಚ್ಕೊಳ್ಳೋದು.”

“ನಿಮ್ಮ ಹಳೇ ಕೋಚು ಕೊಚ್ಕೊಳ್ತಿರ್ಲಿಲ್ಲ, ನಿಜ. ಪಾಪ, ಕೊಚ್ಕೊಳ್ಳೋಕೆ ಏನಿತ್ತು?” ಅಂದಳು ಮಾರ್ಲಿಸ್. ಅವಳು ಡ್ಯುವೇನನ ತಂಗಿ. ಚಿಲ್ಲಿ ಅನ್ನುವ ಖಾರದ ಮಾಂಸದ ಸಾರು ಬೇಯುವ ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. “ಹೋದ ವರ್ಷ ಗೆದ್ದಿದ್ದು ಎಷ್ಟು ಅಂತ ಒಂದ್ಸಲ ಬಾಯಿ ಬಿಟ್ಟು ಹೇಳು ನೋಡೋಣ.”

“ಸೋತ್ರೂ ನಮ್ಮ ಥರ ಸೋತ್ವಿ.”

“ಹ್ಞೂ, ಸೋಲೋದ್ರಲ್ಲಿ ನಮ್ಮದೇ ಒಂದು ಮನೆತನ.”

ಮಾರ್ಲಿಸಳ ಗಂಡ ವೆಂಡೆಲ್ ಹ್ರಾಬೆ ಬೇರೆ ಕೆಲಸದಲ್ಲಿದ್ದ. ಅವನು ಗಾಡಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಡಿಸ್ಕ್ ನೇಗಿಲಿನ ಒಂದು ಹಳೆಯ ಉಕ್ಕಿನ ತಟ್ಟೆಗೆ ಎಣ್ಣೆ ಬಟ್ಟೆ ಹಾಕಿ ಉಜ್ಜುತ್ತಿದ್ದ. ಪಕ್ಕದಲ್ಲಿ ಸುತ್ತಿಗೆ.

ನಮ್ಮ ಡನ್‌ಮೋರ್ ಕಾಲೇಜಿನ ತಂಡದ ಹೆಸರು ಪ್ಲೋಮೆನ್, ನೇಗಿಲಿಗರು. ನಮ್ಮ ಫುಟ್‌ಬಾಲಿನಲ್ಲಿ ಕಾಲಿಗಿಂತ ಭುಜಕ್ಕೆ ಕೆಲಸ ಜಾಸ್ತಿ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಎದುರಾಳಿಗಳ ಗೋಡೆಗೆ ನುಗ್ಗಬೇಕು; ಹತ್ತು ಗಜ ಮುಂದೆ ಹೋಗುವುದಕ್ಕೆ ನಾಲ್ಕು ಅವಕಾಶ, ಆಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಮುಂದಿರುವವನಿಗೆ ಎಸೆಯಲೂಬಹುದು, ಅದಕ್ಕೆ ಪಾಸ್ ಅನ್ನುತ್ತಾರೆ. ಮೂರು ಮುಗಿದು ಇನ್ನೊಂದು ಗಜ ಉಳಿದಿದ್ದರೆ ಬೇರೆ ತಂಡದವರು ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾರೆ. ನಾವು ಹಾಗಲ್ಲ. ಆ ಹೊತ್ತಿಗೆ ಪಶ್ಚಿಮದ ಮೆಟ್ಟಿಲಸಾಲಿನಿಂದ ಉಕ್ಕಿನ ತಟ್ಟೆಯ ಮೇಲೆ ಸುತ್ತಿಗೆ ಬೀಳುತ್ತದೆ. ಇಡೀ ಕ್ರೀಡಾಂಗಣ ಎದ್ದು ನಿಂತು “ಉಳು! ಉಳು! ಉಳು!” ಅಂತ ಕೂಗುತ್ತದೆ. ನಮ್ಮ ಫುಲ್‌ಬ್ಯಾಕ್, ತಂಡದಲ್ಲೇ ದಪ್ಪ ಕುತ್ತಿಗೆಯವನು, ಚೆಂಡು ಅಪ್ಪಿಕೊಂಡು ನಡುಮಧ್ಯಕ್ಕೆ ನುಗ್ಗುತ್ತಾನೆ. ಎದುರಾಳಿಗೆ ಮೊದಲೇ ಗೊತ್ತು. ಗೊತ್ತಿರಲಿ ಅಂತಲೇ ಕೂಗುವುದು. ಎಲ್ಲಿ ನುಗ್ಗುತ್ತೇವೆ ಅಂತ ಹೇಳಿಯೇ ನುಗ್ಗುತ್ತೇವೆ, ತಡೆಯುವ ತಾಕತ್ತಿದ್ದರೆ ತಡೀರಿ ಅನ್ನುವುದೇ ನಮ್ಮ ಊರಿನ ಜಂಬ. ಹಲವು ಸಲ ತಡೆಯುತ್ತಾರೆ, ಅದು ಬೇರೆ ಮಾತು.

ಆ ತಟ್ಟೆ ವೆಂಡೆಲನ ಅಪ್ಪನದು. ವೆಂಡೆಲ್ ತಾನೇ ಒಂದು ಕಾಲದಲ್ಲಿ ಫುಲ್‌ಬ್ಯಾಕ್ ಆಗಿದ್ದಾಗ ಅಪ್ಪ ತಟ್ಟಿದ್ದ, ಮಗ ಉತ್ತಿದ್ದ. ಆ ಉಳುಮೆಯಲ್ಲೇ ವೆಂಡೆಲನ ಎರಡೂ ಮಂಡಿ ಹೋಗಿ, ಈಗ ಮೆಟ್ಟಿಲು ಹತ್ತುವಾಗ ನನ್ನ ದವಾಖಾನೆಗೆ ಬರುವ ಮುದಿ ಎತ್ತಿನ ಹಾಗೆ ಒಂದೊಂದೇ ಕಾಲು ಎತ್ತಿಡುತ್ತಾನೆ. ಈಗ ಅವನ ಮಗ ಲೇನ್ ಅದೇ ತಂಡದ ಫುಲ್‌ಬ್ಯಾಕ್, ಕಡೆಯ ವರ್ಷ. ಹಿಂದಿನ ವರ್ಷಗಳಲ್ಲಿ ಹಿರಿಯ ಹುಡುಗನೊಬ್ಬನ ಬೆನ್ನ ಹಿಂದೆ ಕಾದ. ಅವನ ಸರದಿ ಬಂತು ಅನ್ನುವಷ್ಟರಲ್ಲಿ ವಿಕರ್ಸ್ ಬಂದ. ವಿಕರ್ಸನ ಲೆಕ್ಕದಲ್ಲಿ ಫುಲ್‌ಬ್ಯಾಕ್ ಅನ್ನುವುದು ಮನೆಯಲ್ಲಿ ಹಳೇ ಬೀರು ಇದ್ದ ಹಾಗೆ: ಬಿಸಾಡಲೂ ಆಗದು, ಇಡಲು ಜಾಗವೂ ಇಲ್ಲ. ಲೇನ್ ಬೆಂಚಿನ ಮೇಲೆ ಕೂತ.

ವೆಂಡೆಲನಿಗೆ ಬೇಕಾಗಿದ್ದದ್ದು ಒಂದೇ. ತಾನು ತಟ್ಟಬೇಕು, ಮಗ ಚೆಂಡು ಹಿಡಿದು ನುಗ್ಗಬೇಕು. ಒಂದೇ ಒಂದು ಸಲ, ನಮ್ಮದೇ ಅಂಗಳದಲ್ಲಿ.

“ಇವತ್ತು ಕೊಡ್ತಾನೆ ಅಂತೀಯಾ ಡಾಕ್?” ಅಂತ ನನ್ನನ್ನು ಕೇಳಿದ.

“ನಾವು ಪ್ರತಿಯೊಬ್ಬ ಹುಡುಗನನ್ನೂ ಪ್ರೀತಿಸ್ತೀವಿ?” ಅಂದೆ ವಿಕರ್ಸನ ದನಿಯಲ್ಲಿ. ಎಲ್ಲರೂ ನಕ್ಕರು. ವೆಂಡೆಲ್ ನಗಲಿಲ್ಲ. ನಾನು ಬಿಯರಾಕಿಗೆ, ಅಂದರೆ ಮಾರ್ಲಿಸ್ ಎಲೆಕೋಸು ಮತ್ತು ಮಾಂಸ ತುಂಬಿ ಸುಟ್ಟ ಬನ್ನಿಗೆ ಬಾಯಿ ಹಾಕಿದೆ.

ಆಟ ಶುರುವಾಯಿತು. ವಿಕರ್ಸನ ಹುಡುಗರು ಬಯಲಿಡೀ ಹರಡಿ ನಿಂತರು, ಕಾಳು ಚೆಲ್ಲಿದ ಹಾಗೆ. ಚೆಂಡು ಹಾರಿತು, ಬಿತ್ತು, ಹಾರಿತು, ಬಿತ್ತು. ಪ್ರತಿ ಸಲ ಬಿದ್ದಾಗಲೂ ಡ್ಯುವೇನ್ ಎದ್ದು ನಿಂತು, “ಪಾಸಂತೆ! ನಮ್ಮ ಕಾಲೇಜಲ್ಲಿ ಪಾಸಾಗದವ್ರೇ ಜಾಸ್ತಿ ಅಂತ ಇವನಿಗೆ ಯಾರಾದ್ರೂ ಹೇಳ್ರೋ!” ಅಂತ ಕೂಗಿದ. ಹಿಂದಿನ ಸಾಲಿನ ಹೆಂಗಸೊಬ್ಬಳು ಕೂತ್ಕೊಳ್ರೀ ಅಂದದ್ದಕ್ಕೆ, “ನೀವು ಆ ಗಾಳಿಪಟದ ನೆಂಟರಾ?” ಅಂದ.

ಕೊನೆಯ ಭಾಗದಲ್ಲಿ, ಅಂಕಗಳು ಸಮ ಇದ್ದಾಗ, ಅದು ಬಂತು. ನಾಲ್ಕನೆಯ ಅವಕಾಶ, ಒಂದು ಗಜ ಬಾಕಿ. ಈ ವರ್ಷ ಇಂಥ ಹೊತ್ತಿನಲ್ಲೆಲ್ಲ ವಿಕರ್ಸ್ ಚೆಂಡನ್ನು ಒದೆಸಿದ್ದ. ಆದರೂ ವೆಂಡೆಲ್ ಸುತ್ತಿಗೆ ಎತ್ತಿ ಬಡಿದ. ಅದು ಬೇಡಿಕೆಗಿಂತ ಬೈಗುಳವೇ ಹೆಚ್ಚಾಗಿತ್ತು. ಜನ ಎದ್ದರು. “ಉಳು! ಉಳು!” ಅಂತ ಕೋಚಿನ ಬೆನ್ನಿಗೆ ಉಗಿದ ಹಾಗೆ ಕೂಗಿದರು.

ವಿಕರ್ಸ್ ಬೆಂಚಿನ ಕಡೆ ತಿರುಗಿ ಏನೋ ಅಂದ. ಲೇನ್ ಶಿರಸ್ತ್ರಾಣ ಹಾಕಿಕೊಂಡು ಅಂಗಳಕ್ಕೆ ಓಡಿದ.

ಆಗ ಎದ್ದ ಸದ್ದನ್ನು ನಾನು ಅನುಕರಿಸಲಾರೆ. ಡ್ಯುವೇನ್ ಗೊತ್ತಿಲ್ಲದವರನ್ನೆಲ್ಲ ತಬ್ಬಿಕೊಂಡ. ವೆಂಡೆಲ್ ಬಡಿಯುತ್ತಲೇ ಇದ್ದ. ಆಟ ಮತ್ತೆ ಶುರುವಾಯಿತು. ಲೇನ್ ಎರಡೂ ತೋಳು ಹೊಟ್ಟೆಗೆ ಮಡಚಿ, ತಲೆ ತಗ್ಗಿಸಿ ನಡುಮಧ್ಯಕ್ಕೆ ನುಗ್ಗಿದ. ಎದುರಾಳಿಯ ನಾಲ್ಕು ಮಂದಿ ಅವನ ಮೇಲೆ ಗೋಡೆ ಕುಸಿದ ಹಾಗೆ ಬಿದ್ದರು.

ಚೆಂಡು ಅವನ ಹತ್ತಿರ ಇರಲಿಲ್ಲ. ಅದು ಹಿಂದೆ ನಿಂತು ಎಸೆಯುವವನ ಕೈಯಿಂದ ಹೊರಟು, ಅವರೆಲ್ಲರ ತಲೆಯ ಮೇಲೆ ನಿಧಾನವಾಗಿ ಹಾರಿ, ಮೂಲೆಯಲ್ಲಿ ಒಬ್ಬನೇ ನಿಂತಿದ್ದ ನಮ್ಮ ಸಣಕಲ ಹುಡುಗನೊಬ್ಬನ ಕೈಗೆ ಸೇರಿತು. ಅವನು ನಡೆದುಕೊಂಡೇ ಕಡೆಯ ಗೆರೆ ದಾಟಿ ಅಂಕ ತಂದ.

ಗೆದ್ದೆವು. ಜನ ಕುಣಿದರು, ಆಮೇಲೆ ಒಬ್ಬೊಬ್ಬರಾಗಿ ಕುಣಿಯುವುದನ್ನು ನಿಲ್ಲಿಸಿದರು. ಸುತ್ತಿಗೆ ಹಿಡಿದು ನಿಂತಿದ್ದ ವೆಂಡೆಲ್ ರಾಶಿಯ ಅಡಿಯಿಂದ ಮಗ ಏಳುವುದನ್ನೇ ನೋಡುತ್ತಿದ್ದ. ಲೇನ್ ಎದ್ದ, ಒಂದು ಭುಜ ಇನ್ನೊಂದಕ್ಕಿಂತ ತಗ್ಗಿತ್ತು.

ಬಯಲಿಗೆ ವಾಪಸು ಬಂದಾಗ ಗಾಡಿಯ ರೇಡಿಯೋದಲ್ಲಿ ವಿಕರ್ಸ್ ಆಗಲೇ ಮಾತಾಡುತ್ತಿದ್ದ. “ನಮ್ಮ ಅಭಿಮಾನಿಗಳಿಗೆ ದೊಡ್ಡ ನಮಸ್ಕಾರ? ಅವರು ಅಷ್ಟು ಜೋರಾಗಿ ಕೂಗದೇ ಇದ್ದಿದ್ರೆ ಆ ನಾಲ್ಕು ಜನ ಅಲ್ಲಿ ಬೀಳ್ತಾನೇ ಇರ್ಲಿಲ್ಲ?”

ಡ್ಯುವೇನ್ ರೇಡಿಯೋಗೆ ಗುದ್ದಿದ.

“ಕೇಳಿಸ್ಕೊಂಡ್ಯೇನೋ? ನಮ್ಮ ಗಂಟಲನ್ನ ಗಾಳಕ್ಕೆ ಎರೆಹುಳ ಮಾಡ್ದ! ಇಷ್ಟು ವರ್ಷ ಈ ಮೆಟ್ಟಿಲ ಮೇಲಿಂದ ಒಂದು ಸುಳ್ಳು ಹೊರಟಿಲ್ಲ. ಉಳು ಅಂದ್ರೆ ಉತ್ವಿ. ಇವತ್ತು ಊರಿಗೆ ಊರೇ ಸುಳ್ಳು ಹೇಳ್ತು, ಅದೂ ತನಗೇ ಗೊತ್ತಿಲ್ದೆ.”

“ಗೆದ್ವಲ್ಲಾ,” ಅಂದಳು ಮಾರ್ಲಿಸ್.

“ನಾನು ಗೆದ್ದಿಲ್ಲ. ಗೆದ್ದಿದ್ದು ನಿನ್ನ ಗಾಳಿಪಟ.”

“ನನ್ನ ಮಗ ಅದರ ಅಡೀಲಿ ಬಿದ್ದಿದ್ದ ಡ್ಯುವೇನ್. ನಿಂಗಿಂತ ಜಾಸ್ತಿ ನೋವು ನಂಗಿದೆ. ಆದ್ರೂ ಗೆದ್ದಿದ್ದನ್ನ ಸೋತ್ವಿ ಅನ್ನೋಕೆ ನಂಗೆ ಬರಲ್ಲ.”

“ನಿಂಗೆ ಬಾರದ್ದು ತುಂಬಾ ಇದೆ ಬಿಡು. ಈ ಚಿಲ್ಲೀನೂ ಸೇರಿ.”

ಸೌಟು ಪಾತ್ರೆಯ ಅಂಚಿಗೆ ಠಣ್ಣೆಂದಿತು. ನಾನು ಮಧ್ಯೆ ಬಂದು ಏನೋ ಅಣಕಿಸಲು ಹೋದೆ. ಇಬ್ಬರೂ ಒಟ್ಟಿಗೆ “ಬಾಯ್ಮುಚ್ಚು ಡಾಕ್” ಅಂದರು. ಆ ಸಂಜೆ ಅಣ್ಣ ತಂಗಿ ಒಪ್ಪಿದ ಮಾತು ಅದೊಂದೇ.

“ಮುಂದಿನ ಶನಿವಾರ ಕಡೇ ಆಟ,” ಅಂದ ಡ್ಯುವೇನ್. “ಒಬ್ರೂ ಉಸಿರೆತ್ತಬಾರ್ದು. ನಾನು ಗಾಡಿ ಗಾಡಿಗೆ ಹೋಗಿ ಹೇಳ್ತೀನಿ. ವೆಂಡೆಲ್, ನೀನು ಆ ತಟ್ಟೇನ ಮನೇಲೇ ಇಡು. ಅವನಿಗೆ ನಮ್ಮ ಬಾಯಿ ಬೇಕಲ್ವಾ? ಸಿಗಲ್ಲ.”

“ಇಡ್ತೀನಿ,” ಅಂದ ವೆಂಡೆಲ್. “ಕೈಗೆ ಏನೂ ಕೊಡ್ದೆ ನನ್ನ ಮಗನ್ನ ಗೋಡೆಗೆ ತಳ್ಳಿದ. ಕಸಾಯಿಖಾನೆ ಬಾಗಿಲಲ್ಲಿ ದನ ತಳ್ಳೋರೂ ಹಾಗೆ ಮಾಡಲ್ಲ. ಆ ಚೂಯಿಂಗ್ ಗಮ್ ಅಗಿಯೋ ನಾಯಿನ…”

“ಅವರಲ್ಲಪ್ಪ, ನಾನೇ ಹೇಳಿದ್ದು.”

ಲೇನ್ ಬಂದು ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ಒದ್ದೆ ಕೂದಲು, ಭುಜಕ್ಕೆ ಮಂಜುಗಡ್ಡೆಯ ಚೀಲ ಕಟ್ಟಿತ್ತು. ಅಮ್ಮ ಕೊಟ್ಟ ಬಟ್ಟಲನ್ನು ಗಾಡಿಯ ಅಂಚಿಗಿಟ್ಟು, ನೋಯದ ಕೈಯಿಂದ, ನಮ್ಮ ಕಡೆಯ ರೂಢಿಯಂತೆ, ದಾಲ್ಚಿನ್ನಿ ಸುರುಳಿಬನ್ನನ್ನು ಚಿಲ್ಲಿಗೆ ಅದ್ದಿದ.

“ಏನಂದೆ?” ಅಂದ ವೆಂಡೆಲ್.

“ಮಂಗಳವಾರ ಹೋಗಿ ಕೋಚ್ ಹತ್ರ ನಾನೇ ಹೇಳ್ದೆ. ನಮ್ಮಪ್ಪ ತಟ್ತಾರೆ, ಜನ ಕೂಗ್ತಾರೆ, ನಾನು ಓಡಿದ್ರೆ ಇಡೀ ಪ್ರಪಂಚ ನಂಬುತ್ತೆ ಅಂತ. ಅವರು ಮೊದ್ಲು ಬೇಡ ಅಂದ್ರು.”

“ಚೆಂಡಿಲ್ದೆ ಓಡ್ತೀನಿ ಅಂತ ನೀನೇ ಕೇಳ್ಕೊಂಡ್ಯಾ? ಭಿಕ್ಷೆ ಬೇಡಿದ ಹಾಗೆ?”

“ಚೆಂಡು ಕೊಡ್ಲಿ ಅಂತ ಕಾದಿದ್ರೆ ಬೆಂಚಿಂದ ನೇರ ಡಿಗ್ರಿ ತಗೊಂಡು ಮನೆಗೆ ಬರ್ತಿದ್ದೆ ಅಪ್ಪ. ಒಂದು ಸಲ ಆದ್ರೂ ಒಳಗೆ ಹೋದೆ.”

“ಮುಂದಿನ ವಾರ?”

“ಎದುರಾಳಿಗಳು ಈ ಆಟದ ವಿಡಿಯೋ ನೋಡಿರ್ತಾರೆ. ಇವನ ಹತ್ರ ಚೆಂಡು ಇದ್ಯೋ ಇಲ್ವೋ ಅಂತ ಅನುಮಾನ ಇರುತ್ತೆ. ಅದಕ್ಕೇ ನೀವು ಇನ್ನೂ ಜೋರಾಗಿ ಹೊಡೀಬೇಕು. ತಲೆ ಯೋಚ್ನೆ ಮಾಡೋಕೆ ಮುಂಚೆ ಅವರ ಕಾಲು ನಂಬಬೇಕು.” ಬನ್ನನ್ನು ಅಗಿದು ನುಂಗಿದ. “ಆಗ ಚೆಂಡು ಕೊಟ್ರೂ ಕೊಡಬಹುದು. ಅದು ಕೋಚಿಗೆ ಬಿಟ್ಟಿದ್ದು. ಆದ್ರೆ ನೀವು ತಟ್ಟದೇ ಇದ್ರೆ ನಾನು ಬೆಂಚಿಂದ ಏಳೋದೇ ಇಲ್ಲ, ಅಷ್ಟು ಗ್ಯಾರಂಟಿ.”

“ತಟ್ಟಲ್ಲ ಕಣೋ,” ಅಂದ ಡ್ಯುವೇನ್. “ನಿಮ್ಮಪ್ಪ ಈಗಷ್ಟೇ ಮಾತು ಕೊಟ್ಟ.”

“ಮಾಮ, ನಿಮ್ಮನ್ನ ಕೇಳಿಲ್ಲ.”

“ನಿನ್ನ ವಯಸ್ಸಲ್ಲಿ ನಾನು…”

“ನೀವು ನನ್ನ ವಯಸ್ಸಲ್ಲಿ ಬ್ಯಾಂಡಲ್ಲಿ ಕೊಳಲು ಊದ್ತಿದ್ರಿ. ಅಮ್ಮ ಫೋಟೋ ತೋರ್ಸಿದಾರೆ.”

ನಾನು ನಗು ತಡೆಯಲಾರದೆ ಗಾಡಿಯ ಹಿಂದೆ ಹೋದೆ. ಮರಳಿ ಬಂದಾಗ ಲೇನ್ ಹೊರಟುಹೋಗಿದ್ದ. ವೆಂಡೆಲ್ ಗಾಡಿಗೆ ಸಾಮಾನು ತುಂಬುತ್ತಿದ್ದ.

ಆ ವಾರ ಡ್ಯುವೇನ್ ಹೇಳಿದ ಹಾಗೇ ಮಾಡಿದ. ಬೀಜದ ಅಂಗಡಿ, ಚರ್ಚು, ಧಾನ್ಯದ ಗೋದಾಮು, ನನ್ನ ದವಾಖಾನೆಯನ್ನೂ ಬಿಡಲಿಲ್ಲ. “ಉಳೋದು ಬಿಟ್ರೆ ನಾವು ಉಳಿಯಲ್ಲ,” ಅಂತ ಹಿಂದೊಮ್ಮೆ ನಾನೇ ಅಂದಿದ್ದ ಮಾತನ್ನು ನನಗೇ ತಿರುಗಿಸಿ ಹೇಳಿದ. ನನ್ನ ಮುಂದಿದ್ದ ಹಸು ಕೂಡ ತಲೆಯಾಡಿಸಿತು. ಗುರುವಾರದ ಹೊತ್ತಿಗೆ ಊರು ಎರಡಾಗಿತ್ತು. ಕೂಗುವವರು ಸುಳ್ಳರು, ಕೂಗದವರು ದ್ರೋಹಿಗಳು. ಮಾರ್ಲಿಸ್ ಅಣ್ಣನ ಫೋನು ಎತ್ತುವುದನ್ನು ನಿಲ್ಲಿಸಿದಳು.

ಕಡೆಯ ಆಟದ ದಿನ ಕೊನೆಯ ವರ್ಷದ ಹುಡುಗರ ಅಪ್ಪ ಅಮ್ಮ ಅಂಗಳದ ಮಧ್ಯಕ್ಕೆ ನಡೆದು ಹೋಗಿ ಕೋಚಿನ ಕೈಕುಲುಕಬೇಕು. ಅದೊಂದು ಪದ್ಧತಿ. ನಾನು ಬೇಲಿಯ ಹತ್ತಿರ ನಿಂತಿದ್ದೆ, ಮಾತು ಕೇಳಿಸುವಷ್ಟು ಹತ್ತಿರ. ಮಾರ್ಲಿಸ್ ನಕ್ಕು ಕೈಕೊಟ್ಟಳು. ವೆಂಡೆಲ್ ಕೈ ಕೊಟ್ಟು ಬಿಡಲೇ ಇಲ್ಲ.

“ನನ್ನ ಮಗನಿಗೆ ಚೆಂಡು ಕೊಡು.”

“ನೋಡೋಣ ಸರ್?” ಅಂದ ವಿಕರ್ಸ್. ದವಡೆ ಆಡುತ್ತಲೇ ಇತ್ತು. “ನೀವು ಜೋರಾಗಿ ಹೊಡೀರಿ?”

“ನಿನ್ನ ತಲೆ ಮೇಲೆ ಹೊಡೀತೀನಿ.”

“ಸದ್ದು ಬಂದ್ರೆ ಸಾಕು ಸರ್?” ಅಂದ. ಅವನು ಹಾಗೆ ಮರುಮಾತು ಆಡಬಲ್ಲನೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ವೆಂಡೆಲ್ ತಟ್ಟೆಯನ್ನು ತಂದಿದ್ದ. ಮೆಟ್ಟಿಲ ಮೇಲೆ ಅದನ್ನು ನೋಡಿದ ಡ್ಯುವೇನ್, “ಯಾಕೆ ತಂದೆ?” ಅಂದ. “ಮನೇಲಿ ಅದೊಂದೇ ಒಂಟಿಯಾಗುತ್ತೆ ಅಂತ,” ಅಂದ ವೆಂಡೆಲ್.

ಆಟ ಕೆಟ್ಟದಾಗಿತ್ತು. ಗಾಳಿ ಬೀಸುತ್ತಿತ್ತು. ನಮ್ಮವರ ಎಸೆತಗಳು ಯಾರ್‍ಯಾರದೋ ಕೈಗೆ ಹೋದವು. ಡ್ಯುವೇನ್ ಈ ಸಲ ಕೂಗಲಿಲ್ಲ. ಪ್ರತಿ ತಪ್ಪಿಗೂ ನಿಧಾನವಾಗಿ ಚಪ್ಪಾಳೆ ತಟ್ಟಿದ. ಅದು ಕೂಗಿಗಿಂತ ಕೆಟ್ಟದಾಗಿತ್ತು. ಎದುರಾಳಿಗಳು ಕೆಲವೇ ಅಂಕ ಮುಂದಿದ್ದರು, ಗಡಿಯಾರ ಮುಗಿಯುತ್ತಿತ್ತು, ಕಡೆಯ ಗೆರೆ ಹತ್ತಿರವೇ ಇತ್ತು. ನಾಲ್ಕನೆಯ ಅವಕಾಶ, ಒಂದು ಗಜ.

ವಿಕರ್ಸ್ ಬಿಡುವು ಕೇಳಿ ಆಟ ನಿಲ್ಲಿಸಿದ. ಅಂಗಳದ ಅಂಚಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಪಶ್ಚಿಮದ ಮೆಟ್ಟಿಲ ಕಡೆ ನೋಡಿದ. ಬೆಂಚಿನ ಹತ್ತಿರ ಲೇನ್ ಶಿರಸ್ತ್ರಾಣವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅವನೂ ನಮ್ಮನ್ನೇ ನೋಡಿದ.

ಡ್ಯುವೇನ್ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಚಾಚಿ ಜನರ ಕಡೆ ತಿರುಗಿದ. “ಒಬ್ಬನೂ ಬಾಯಿ ತೆಗೀಬಾರ್ದು! ನಾವು ಅವನ ಕೂಲಿಯವರಲ್ಲ!”

ಯಾರೂ ತೆಗೆಯಲಿಲ್ಲ. ಬಾವುಟದ ಹಗ್ಗ ಕಂಬಕ್ಕೆ ಬಡಿಯುವುದು ಕೇಳಿಸಿತು.

ವೆಂಡೆಲ್ ಸುತ್ತಿಗೆ ಎತ್ತಿ ತಟ್ಟೆಗೆ ಬಡಿದ.

“ವೆಂಡೆಲ್!” ಅಂದ ಡ್ಯುವೇನ್. “ಅದು ಸುಳ್ಳಿರಬಹುದು ಕಣೋ! ನಿನಗೆ ಗೊತ್ತು ಅದು ಸುಳ್ಳಿರಬಹುದು!”

“ಗೊತ್ತು.” ಮತ್ತೆ ಬಡಿದ. “ಉಳು!”

ಒಂಟಿ ದನಿ. ಅರ್ಧದಲ್ಲೇ ಒಡೆಯಿತು. ಆಮೇಲೆ ಮಾರ್ಲಿಸಳದು. ಆಮೇಲೆ ನನ್ನದು, ಆ ಹೊತ್ತು ನನಗೆ ಯಾರ ದನಿಯೂ ನೆನಪಾಗಲಿಲ್ಲ, ನನ್ನದೇ ಹೊರಟಿತು. ಹಿಂದಿನ ಸಾಲಿನ ಆ ಹೆಂಗಸು. ಆಮೇಲೆ ಉಳಿದವರು, ಅರ್ಧ ಜನ ಕೂಗುತ್ತ, ಅರ್ಧ ಜನ ಕೂಗುವವರನ್ನು ಬೈಯುತ್ತ. ಡ್ಯುವೇನ್ ಸುತ್ತಿಗೆಗೆ ಕೈ ಹಾಕಿದ. ವೆಂಡೆಲ್ ಮೊಣಕೈಯಿಂದ ಅವನ ಎದೆಗೆ ತಿವಿದ. ಫುಲ್‌ಬ್ಯಾಕ್ ಆಗಿದ್ದವನ ಮೊಣಕೈ. ಡ್ಯುವೇನ್ ಎರಡು ಸಾಲು ಕೆಳಗೆ ಯಾರದೋ ಪಾಪ್‌ಕಾರ್ನಿನ ಮೇಲೆ ಕೂತ.

ಲೇನ್ ಓಡಿ ಬಂದ. ಆಟ ಮತ್ತೆ ಶುರುವಾಯಿತು. ಮತ್ತೆ ಅದೇ ಮಡಚಿದ ತೋಳು, ತಗ್ಗಿದ ತಲೆ. ಚೆಂಡಿದೆಯೋ ಇಲ್ಲವೋ ನಮಗೂ ತಿಳಿಯಲಿಲ್ಲ. ಎದುರಾಳಿಗಳು ಅರೆಗಳಿಗೆ ತಡವರಿಸಿದರು, ಆಮೇಲೆ ಅವರ ಕಾಲು ನಂಬಿತು. ಮುಂದಿನ ಸಾಲಿನವರೆಲ್ಲ ಅವನ ಮೇಲೆ ಬಿದ್ದರು.

ಚೆಂಡು ಮೇಲೆದ್ದಿತು. ಮೂಲೆಯಲ್ಲಿ ಅದೇ ಸಣಕಲ ಹುಡುಗ, ಸುತ್ತ ಒಬ್ಬರೂ ಇಲ್ಲ. ಚೆಂಡು ಅವನ ಎರಡೂ ಅಂಗೈಗೆ ಬಂದು ಬಿದ್ದು, ಜಾರಿ, ಎದೆಗೆ ತಾಗಿ, ಹುಲ್ಲಿಗೆ ಬಿತ್ತು.

ಸೋತೆವು.

ಬಯಲಿನಲ್ಲಿ ಡ್ಯುವೇನ್ ತನ್ನ ಒಲೆಯನ್ನು ಕೆಂಡ ಇದ್ದಂತೆಯೇ ಎಳೆದುಕೊಂಡು ಆಚೆ ಹೊರಟಿದ್ದ. ಈ ಒಲೆ ನಾನು ಕಂಡ ಹಾಗೆ ಎಂದೂ ನಮ್ಮ ಗಾಡಿಗಳ ಮಧ್ಯದಿಂದ ಕದಲಿರಲಿಲ್ಲ.

“ಸುಳ್ಳೂ ಹೇಳಿದೆ, ಸೋತೂ ಹೋದೆ,” ಅಂದ ವೆಂಡೆಲನಿಗೆ. “ಸತ್ಯ ಹೇಳಿ ಸೋತಿದ್ರೆ ಮುಖ ಆದ್ರೂ ಉಳೀತಿತ್ತು. ನಿಮ್ಮಪ್ಪ ಆ ತಟ್ಟೇನ ಇದಕ್ಕೆ ಕೊಟ್ನಾ?”

“ನಮ್ಮಪ್ಪನ ಹೆಸರು ಎತ್ತಬೇಡ.”

“ಎತ್ತುತ್ತೀನಿ! ಅವನು ತಟ್ಟಿದಾಗ ನಿನ್ನ ಕೈಯಲ್ಲಿ ಚೆಂಡಿತ್ತು! ನಿನ್ನ ಮಗನ ಕೈಯಲ್ಲಿ ಏನಿತ್ತು? ಏನಿತ್ತು ಹೇಳು?”

“ಏನೂ ಇರ್ಲಿಲ್ಲ,” ಅಂದ ವೆಂಡೆಲ್. “ಅದು ಅವರಿಗೆ ಗೊತ್ತಿತ್ತಾ? ಎಷ್ಟು ಜನ ಬಿದ್ರು ನೋಡಿದ್ಯಾ? ನಾನು ಚೆಂಡು ಹಿಡ್ಕೊಂಡು ನುಗ್ಗಿದಾಗಲೂ ನನ್ನ ಮೇಲೆ ಅಷ್ಟು ಜನ ಯಾವತ್ತೂ ಬಿದ್ದಿಲ್ಲ. ಆ ಬೆಣ್ಣೆಗೈ ಹುಡುಗ ಬಿಟ್ಟಿದ್ದಕ್ಕೆ ನನ್ನ ಮಗ ಏನು ಮಾಡ್ತಾನೆ?”

“ಓಹೋ! ಈಗ ನೀನೂ ಗಾಳಿಪಟದ ಕಡೆ!”

“ಆ ನಾಯಿ ಮುಖಕ್ಕೆ ನಾನು ನಾಳೇನೂ ಉಗೀತೀನಿ. ಅವನು ಚೆಂಡು ಕೊಡಬೇಕಿತ್ತು. ಗಾಳೀಲಿ ಎಸೀತಾನೆ, ಮೂರ್ಖ. ಆದ್ರೆ ನನ್ನ ಹುಡುಗ ಓಡಿದ್ದರಲ್ಲಿ ಸುಳ್ಳಿಲ್ಲ ಡ್ಯುವೇನ್. ಭುಜ ನೋಡು ಹೋಗಿ.”

“ನಿನ್ನ ಜೊತೆ ಮಾತು ಮುಗೀತು.”

“ಮುಗೀಲಿ.”

ಒಲೆಯ ಚಕ್ರ ಕಲ್ಲಿನ ಮೇಲೆ ಕಿರುಗುಟ್ಟುತ್ತ ಹೋಯಿತು. ಮಾರ್ಲಿಸ್ ಅಣ್ಣನ ಬೆನ್ನಿಗೆ, “ಸಾಸೇಜು ಸೀದು ಹೋಗ್ತಿದೆ!” ಅಂತ ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಲೇನ್ ಬಂದ. ಮೂಗಿನ ಮೇಲೆ ತರಚಿತ್ತು, ಕಣ್ಣು ಕೆಂಪಾಗಿತ್ತು. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು. ನಾನು ಏನಾದರೂ ಅಂದೇನು ಅಂತ ಮಾರ್ಲಿಸ್ ನನ್ನ ತೋಳು ಹಿಡಿದುಕೊಂಡಳು.

“ತೋರ್ಸು,” ಅಂದ ವೆಂಡೆಲ್.

“ಏನು?”

“ಹೇಗೆ ಹಿಡ್ಕೊಂಡಿದ್ದೆ ಅಂತ.”

ಲೇನ್ ಸುತ್ತ ಒಮ್ಮೆ ನೋಡಿ, ನಾಚಿಕೊಂಡೇ ಎರಡೂ ತೋಳು ಹೊಟ್ಟೆಗೆ ಮಡಚಿದ. ನಡುವೆ ಏನೂ ಇರಲಿಲ್ಲ.

ವೆಂಡೆಲ್ ಅವನ ಸುತ್ತ ಒಂದು ಸುತ್ತು ಬಂದ. “ಈ ಮೊಣಕೈ ಹೊರಗೆ ಬಂದಿದೆ. ಅದಕ್ಕೇ ಮೊದಲನೆಯವನು ಅನುಮಾನ ಪಟ್ಟ. ಒಳಗೆ ತಗೋ. ಇನ್ನೂ ಒಳಗೆ. ಹಾಂ. ಬೆರಳು ಬಿಗಿ ಹಿಡಿ, ಚೆಂಡಿದ್ರೆ ಹೇಗೆ ಹಿಡೀತಿದ್ದೆ?”

“ಅಪ್ಪ, ಆಟ ಎಲ್ಲಾ ಮುಗೀತು. ಇನ್ನು ಯಾವ ಆಟಾನೂ ಇಲ್ಲ.”

“ಗೊತ್ತು.”

ಆಚೆ ಡ್ಯುವೇನ್ ಗಾಡಿ ಶುರು ಮಾಡಿ, ಹಾರನ್ ಒತ್ತಿಕೊಂಡೇ ನಮ್ಮ ಪಕ್ಕದಲ್ಲಿ ಹಾದು ಹೋದ. ಕಿಟಕಿಯಿಂದ ಏನೋ ಬೈದ, ಗಾಳಿಗೆ ಅದು ಕೇಳಿಸಲಿಲ್ಲ. ವೆಂಡೆಲ್ ತಲೆ ಎತ್ತಲಿಲ್ಲ. ಮಗನ ಎರಡೂ ಮುಂಗೈಗಳನ್ನು ಹಿಡಿದು, ಆ ಖಾಲಿ ಜಾಗವನ್ನು ಇನ್ನಷ್ಟು ಬಿಗಿಯಾಗಿ ಒತ್ತಿದ.

“ಈಗ ಓಡು,” ಅಂದ. “ಆ ಕೆಂಪು ಗಾಡಿ ತನಕ. ನಾನು ನೋಡ್ತೀನಿ.”